ಕಾಲಿನ ಉಬ್ಬುನಾಳಗಳಿಗೆ ನೊರೆಯ ಚುಚ್ಚುಮದ್ದು: ಆಯ್ಕೆಗೆ ಮುನ್ನ ಅರಿವಿರಲಿ

ಕಾಯಕವನ್ನೇ ಪೂಜೆಯೆಂದು ಬಗೆದ ಪರಂಪರೆ ನಮ್ಮದು. ಆ ಕಾಯಕದ ಬಹುಭಾಗ ನಿಂತೇ ನಡೆಯುವಂಥದು. ದಾಸೋಹದ ಒಲೆಯ ಮುಂದೆ ಬೆಳಗಿನ ಜಾವದಿಂದ ನಿಲ್ಲುವ ಅಡುಗೆಯವರು, ದಿನವಿಡೀ ನಿಂತು ಪಾಠ ಹೇಳುವ ಶಿಕ್ಷಕರು, ಬಸ್ಸಿನ ನಿರ್ವಾಹಕರು, ಕಿರಾಣಿ ಅಂಗಡಿಯ ವರ್ತಕರು, ಆಸ್ಪತ್ರೆಯ ದಾದಿಯರು, ಹೊಲದಲ್ಲಿ ದುಡಿಯುವ ತಾಯಂದಿರು, ಇವರೆಲ್ಲರ ದುಡಿಮೆಯ ಭಾರವನ್ನು ಹೊರುವುದು ಕಾಲುಗಳೇ. ಸಂಜೆಯಾಗುತ್ತಲೇ ಕಾಲು ಭಾರವಾಗುವುದು, ಹರಡಿನ ಸುತ್ತ ಬಾವು ಕಾಣಿಸುವುದು, ಮೀನಖಂಡದ ಮೇಲೆ ನೀಲಿಬಣ್ಣದ ನಾಳಗಳು ಸುರುಳಿ ಸುತ್ತಿಕೊಂಡು ಎದ್ದು ನಿಲ್ಲುವುದು ಇಂಥವರಲ್ಲಿ ಸಾಮಾನ್ಯ. ‘ನರ ಉಬ್ಬಿದೆ’ ಎಂದು ಹೇಳಿ, ಎಣ್ಣೆ ಹಚ್ಚಿ ತಿಕ್ಕಿ, ಮರುದಿನ ಮತ್ತೆ ಕೆಲಸಕ್ಕೆ ನಿಲ್ಲುವವರೇ ಹೆಚ್ಚು. ವರ್ಷಗಳು ಕಳೆದು ಚರ್ಮ ಕಪ್ಪಾಗಿ, ಒಳಹರಡಿನ ಬಳಿ ಮಾಯದ ಹುಣ್ಣು ಕಾಣಿಸಿಕೊಂಡಾಗಲೇ ಅನೇಕರು ವೈದ್ಯರ ಬಳಿಗೆ ಬರುತ್ತಾರೆ.

ಇತ್ತೀಚೆಗೆ ಈ ತೊಂದರೆಗೆ ಹೊಸ ಭರವಸೆಯೊಂದು ಎಲ್ಲೆಡೆ ಕೇಳಿಬರುತ್ತಿದೆ. ‘ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಒಂದೇ ಚುಚ್ಚುಮದ್ದು, ಅಂದೇ ಮನೆಗೆ’ ಎಂಬ ಧಾಟಿಯ ಜಾಹೀರಾತುಗಳು ಪಟ್ಟಣಗಳ ಗೋಡೆಗಳ ಮೇಲೂ ಕೈಯಲ್ಲಿನ ಮೊಬೈಲುಗಳಲ್ಲೂ ಕಾಣುತ್ತಿವೆ. ವೈದ್ಯಶಾಸ್ತ್ರದಲ್ಲಿ ಫೋಮ್ ಸ್ಕ್ಲೀರೋಥೆರಪಿ ಎಂದು ಕರೆಯುವ, ನೊರೆಯನ್ನು ನಾಳದೊಳಗೆ ಚುಚ್ಚುವ ಚಿಕಿತ್ಸೆ ಇದು. ಚಿಕಿತ್ಸೆ ಸುಳ್ಳಲ್ಲ, ಜಾಹೀರಾತು ಹೇಳುವುದು ಮಾತ್ರ ಅರ್ಧಸತ್ಯ. ನೊರೆಯ ಚಿಕಿತ್ಸೆ ಕೆಲವರಿಗೆ ನಿಜಕ್ಕೂ ವರದಾನ, ಇನ್ನು ಕೆಲವರಿಗೆ ಎರಡನೆಯ ದರ್ಜೆಯ ಆಯ್ಕೆ. ಯಾರಿಗೆ ಯಾವುದೆಂಬುದನ್ನು ನಿರ್ಧರಿಸಬೇಕಾದುದು ದರಪಟ್ಟಿಯಲ್ಲ, ಡಾಪ್ಲರ್ ಪರೀಕ್ಷೆ. ಈ ಲೇಖನದ ನಿಲುವು ಇಷ್ಟೇ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ಉಬ್ಬುವುದು ನರವಲ್ಲ

ನಾವು ‘ನರ’ ಎಂದು ಕರೆಯುವುದು ಇಲ್ಲಿ ನರವಲ್ಲ, ಅಶುದ್ಧ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿ. ಪಾದದಿಂದ ಹೃದಯದವರೆಗೆ ರಕ್ತ ಭೂಮಿಯ ಸೆಳೆತಕ್ಕೆ ಎದುರಾಗಿ ಏರಬೇಕು. ಇದಕ್ಕೆ ಎರಡು ಏರ್ಪಾಡುಗಳಿವೆ. ಒಂದು, ನಡೆಯುವಾಗ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವ ಮೀನಖಂಡದ ಸ್ನಾಯು. ಎರಡು, ಮೇಲೇರಿದ ರಕ್ತ ಕೆಳಗಿಳಿಯದಂತೆ ತಡೆಯುವ, ಒಂದೇ ದಿಕ್ಕಿಗೆ ತೆರೆಯುವ ಪುಟ್ಟ ಕವಾಟಗಳು. ಅನುವಂಶೀಯತೆ, ಗರ್ಭಧಾರಣೆ, ವಯಸ್ಸು, ಬೊಜ್ಜು, ದೀರ್ಘಕಾಲ ನಿಂತೇ ಇರುವ ದುಡಿಮೆ ಮುಂತಾದವುಗಳಿಂದ ಕವಾಟಗಳು ಸಡಿಲಗೊಂಡಾಗ ರಕ್ತ ಹಿಮ್ಮುಖವಾಗಿ ಹರಿದು ಕೆಳಗೆ ತುಂಬಿಕೊಳ್ಳುತ್ತದೆ. ಆ ಒತ್ತಡಕ್ಕೆ ಚರ್ಮದಡಿಯ ನಾಳಗಳು ಹಿಗ್ಗಿ ಸುರುಳಿಯಾಗುತ್ತವೆ.

ಒಳಹರಡಿನಿಂದ ತೊಡೆಸಂದಿನವರೆಗೆ ಏರುವ ದೊಡ್ಡ ಸಫೀನಸ್ ಅಭಿಧಮನಿ, ಹೊರಹರಡಿನ ಹಿಂದಿನಿಂದ ಮಂಡಿಯ ಹಿಂಭಾಗದವರೆಗೆ ಏರುವ ಸಣ್ಣ ಸಫೀನಸ್ ಅಭಿಧಮನಿ, ಇವೆರಡು ಇಲ್ಲಿ ಮುಖ್ಯವಾದ ಕಾಂಡಗಳು. ಹೊರಗೆ ಕಾಣುವ ಸುರುಳಿಗಳು ಹೆಚ್ಚಾಗಿ ಇವುಗಳ ಕವಲುಗಳು. ಕಾಂಡದ ಕವಾಟ ಕೆಟ್ಟಿರುವಾಗ ಕವಲನ್ನು ಮಾತ್ರ ಮುಚ್ಚಿದರೆ, ಒಡೆದ ಕಾಲುವೆಯ ತೂಬನ್ನು ಬಿಟ್ಟು ಗದ್ದೆಯ ಬದುವನ್ನಷ್ಟೇ ಮೆತ್ತಿದಂತಾಗುತ್ತದೆ. ಆದುದರಿಂದ ಯಾವ ಚಿಕಿತ್ಸೆಗೂ ಮುನ್ನ, ರೋಗಿಯನ್ನು ನಿಲ್ಲಿಸಿ ಮಾಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಹಿಮ್ಮುಖ ಹರಿವು ಎಲ್ಲಿಂದ ಆರಂಭವಾಗುತ್ತದೆ, ನಾಳದ ಅಗಲವೆಷ್ಟು, ಆಳದ ಅಭಿಧಮನಿಗಳು ತೆರೆದಿವೆಯೇ ಎಂಬುದನ್ನು ಗುರುತಿಸಬೇಕು. ಆಳದ ನಾಳಗಳು ಮುಚ್ಚಿಹೋಗಿದ್ದರೆ ಮೇಲಿನ ಉಬ್ಬುನಾಳಗಳೇ ರಕ್ತಕ್ಕೆ ದಾರಿಯಾಗಿರಬಹುದು. ಅಂಥ ನಾಳವನ್ನು ಮುಚ್ಚುವುದು ಅಪಾಯಕರ.

ನೊರೆ ಎಲ್ಲಿಂದ ಬಂತು?

ನಾಳದ ಒಳಗೋಡೆಯನ್ನು ಕೆರಳಿಸಿ ಅದು ಕುಗ್ಗಿ ಮುಚ್ಚಿಕೊಳ್ಳುವಂತೆ ಮಾಡುವ ಔಷಧವನ್ನು ಚುಚ್ಚುವ ಪದ್ಧತಿ ಹಳೆಯದು. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಎರಡು ಮುಖ್ಯ: ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಮತ್ತು ಪೊಲಿಡೊಕನಾಲ್. ದ್ರವರೂಪದಲ್ಲಿ ಚುಚ್ಚಿದಾಗ ಔಷಧ ದೊಡ್ಡ ನಾಳದ ರಕ್ತದೊಡನೆ ಬೆರೆತು ತೆಳುವಾಗಿ, ಗೋಡೆಯನ್ನು ತಾಕುವ ಮೊದಲೇ ಶಕ್ತಿಗುಂದುತ್ತದೆ. ಅದನ್ನೇ ನೊರೆಯಾಗಿಸಿದರೆ ನೊರೆ ರಕ್ತವನ್ನು ಮುಂದಕ್ಕೆ ತಳ್ಳಿ ನಾಳವನ್ನು ತಾನೇ ತುಂಬಿಕೊಳ್ಳುತ್ತದೆ. ಅಲ್ಪ ಔಷಧ, ಹೆಚ್ಚು ಸಂಪರ್ಕ. ಜೊತೆಗೆ ನೊರೆ ಅಲ್ಟ್ರಾಸೌಂಡ್ ಪರದೆಯ ಮೇಲೆ ಬೆಳ್ಳಗೆ ಹೊಳೆಯುವುದರಿಂದ ಅದು ಎಲ್ಲಿಗೆ ತಲುಪಿತೆಂಬುದನ್ನು ವೈದ್ಯರು ನೇರವಾಗಿ ಕಾಣಬಲ್ಲರು.

ಸ್ಪೇನ್ ದೇಶದ ವೈದ್ಯ ಹುವಾನ್ ಕಬ್ರೆರಾ 1990ರ ದಶಕದಲ್ಲಿ ಅತಿ ಸಣ್ಣ ಗುಳ್ಳೆಗಳ ನೊರೆಯನ್ನು ದೊಡ್ಡ ಅಭಿಧಮನಿಗಳಿಗೆ ಬಳಸಿ ತೋರಿಸಿದರು. 2000ದಲ್ಲಿ ಇಟಲಿಯ ಲೊರೆಂಜೊ ಟೆಸಾರಿ ಅತ್ಯಂತ ಸರಳವಾದ ವಿಧಾನವೊಂದನ್ನು ಮುಂದಿಟ್ಟರು. ಎರಡು ಸಿರಿಂಜುಗಳನ್ನು ಮೂರು ಬಾಯಿಯ ಪುಟ್ಟ ಪ್ಲಾಸ್ಟಿಕ್ ನಲ್ಲಿಯ ಮೂಲಕ ಜೋಡಿಸಿ, ಒಂದರಲ್ಲಿ ಒಂದು ಪಾಲು ಔಷಧವನ್ನೂ ಇನ್ನೊಂದರಲ್ಲಿ ಸುಮಾರು ನಾಲ್ಕು ಪಾಲು ಗಾಳಿಯನ್ನೂ ತುಂಬಿ, ಇಪ್ಪತ್ತು ಬಾರಿ ಅತ್ತಿಂದಿತ್ತ ವೇಗವಾಗಿ ತಳ್ಳಿದರೆ ಗಟ್ಟಿ ನೊರೆ ಸಿದ್ಧವಾಗುತ್ತದೆ. ಯಾವ ದುಬಾರಿ ಯಂತ್ರವೂ ಬೇಡ. ಜಗತ್ತಿನಾದ್ಯಂತ ಈ ಚಿಕಿತ್ಸೆ ಹರಡಲು ಈ ಸರಳತೆಯೇ ಮುಖ್ಯ ಕಾರಣ.

ನೊರೆ ನೊರೆಗಳ ನಡುವಿನ ವ್ಯತ್ಯಾಸ

‘ಫೋಮ್’ ಎಂಬ ಒಂದೇ ಹೆಸರಿನಡಿ ಹಲವು ಬಗೆಗಳಿವೆ. ಮೊದಲನೆಯದು, ವೈದ್ಯರು ರೋಗಿಯ ಪಕ್ಕದಲ್ಲೇ ಟೆಸಾರಿ ವಿಧಾನದಿಂದ ಸಿದ್ಧಪಡಿಸಿ ಸೂಜಿಯ ಮೂಲಕ ಚುಚ್ಚುವ ನೊರೆ. ಇದು ಅಗ್ಗ. ಆದರೆ ಗುಳ್ಳೆಗಳ ಗಾತ್ರ ತಯಾರಿಸುವ ಕೈಯನ್ನು ಅವಲಂಬಿಸಿರುತ್ತದೆ. ನಿಮಿಷಗಳಲ್ಲೇ ನೊರೆ ಒಡೆಯತೊಡಗುವುದರಿಂದ ವಿಳಂಬ ಸಲ್ಲದು. ಎರಡನೆಯದು, ಕಾರ್ಖಾನೆಯಲ್ಲಿ ಡಬ್ಬಿಗೆ ತುಂಬಿ ಬರುವ ಸಿದ್ಧ ನೊರೆ. ಪೊಲಿಡೊಕನಾಲಿನ ಇಂಥ ನೊರೆಯೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲಿ ಮನ್ನಣೆ ನೀಡಿತು. ವೆರಿಥೀನಾ ಎಂಬುದು ಅದರ ಮಾರಾಟದ ಹೆಸರು. ಅದರಲ್ಲಿ ಗಾಳಿಯ ಬದಲು ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಇರುತ್ತವೆ, ಗುಳ್ಳೆಗಳು ಸಮಗಾತ್ರದವು. ಮೂರನೆಯದು, ತೆಳು ಕೊಳವೆಯಾದ ಕ್ಯಾತಿಟರನ್ನು ಕಾಂಡದ ಉದ್ದಕ್ಕೂ ತೂರಿಸಿ, ಅದನ್ನು ಹಿಂದಕ್ಕೆ ಎಳೆಯುತ್ತಾ ನೊರೆ ಬಿಡುವ ವಿಧಾನ. ಇದರಿಂದ ಕಾಂಡದ ಎಲ್ಲ ಭಾಗಕ್ಕೂ ಔಷಧ ತಲುಪಿಸುವುದು ಸುಲಭ. ನಾಲ್ಕನೆಯದು, ಕಾಂಡವನ್ನು ಲೇಸರ್ ಅಥವಾ ರೇಡಿಯೊ ತರಂಗಗಳ ಶಾಖದಿಂದ ಮುಚ್ಚಿ, ಉಳಿದ ಕವಲುಗಳಿಗೆ ಮಾತ್ರ ನೊರೆ ಬಳಸುವ ಮಿಶ್ರ ಚಿಕಿತ್ಸೆ.

ನೊರೆಯೊಳಗಿನ ಅನಿಲಕ್ಕೂ ಮಹತ್ತ್ವವುಂಟು. ನಾವು ಉಸಿರಾಡುವ ಗಾಳಿಯ ಸುಮಾರು ಶೇ. 78 ಭಾಗ ಸಾರಜನಕ. ಅದು ರಕ್ತದಲ್ಲಿ ಬೇಗ ಕರಗದು. ಇಂಗಾಲದ ಡೈಆಕ್ಸೈಡ್ ಬೇಗ ಕರಗುತ್ತದೆ. ಆದುದರಿಂದ ಅದನ್ನು ಬಳಸಿದ ನೊರೆಯ ಗುಳ್ಳೆಗಳು ದೂರ ಸಾಗಿ ತೊಂದರೆ ಕೊಡುವ ಸಂಭವ ಕಡಿಮೆ. ಆದರೆ ಆ ನೊರೆ ಬೇಗನೆ ಒಡೆಯುವುದೂ ಉಂಟು. ಔಷಧಗಳಲ್ಲಿಯೂ ಇಂಥದೇ ಕೊಡುಕೊಳ್ಳುವಿಕೆಯಿದೆ. ಪೊಲಿಡೊಕನಾಲಿಗೆ ಅರಿವಳಿಕೆಯ ಗುಣವಿರುವುದರಿಂದ ಚುಚ್ಚುವಾಗ ನೋವು ಕಡಿಮೆ. ಟೆಟ್ರಾಡೆಸಿಲ್ ಅದೇ ಪ್ರಮಾಣದಲ್ಲಿ ಹೆಚ್ಚು ಪ್ರಬಲ. ನಾಳದಿಂದ ಹೊರಗೆ ಸೋರಿದರೆ ಚರ್ಮಕ್ಕೆ ಗಾಯ ಮಾಡುವ ಅಪಾಯವೂ ಹೆಚ್ಚು.

ಈ ವ್ಯತ್ಯಾಸಗಳು ನಿಜವಾದರೂ, ನಮ್ಮ ನಾಡಿನ ಸಾಮಾನ್ಯ ರೋಗಿಗೆ ಇವು ನಿರ್ಣಾಯಕವಲ್ಲ ಎಂಬುದು ನನ್ನ ಅಭಿಪ್ರಾಯ. ಸಿದ್ಧ ನೊರೆಯ ಡಬ್ಬಿಗಾಗಿ ಹಣ ಹೊಂದಿಸಲು ಹೆಣಗುವುದಕ್ಕಿಂತ, ಅಲ್ಟ್ರಾಸೌಂಡ್ ಪರದೆಯ ಮೇಲೆ ಕಣ್ಣಿಟ್ಟು, ಅಳತೆ ಮೀರದೆ, ಸರಿಯಾದ ನಾಳಕ್ಕೆ ನೊರೆ ಬಿಡಬಲ್ಲ ಅನುಭವಿ ಕೈಯನ್ನು ಹುಡುಕುವುದು ಲೇಸು. ಪರದೆಯನ್ನು ನೋಡದೆ, ಕಣ್ಣಿಗೆ ಕಂಡ ಉಬ್ಬಿಗೆಲ್ಲ ಚುಚ್ಚುತ್ತ ಹೋಗುವ ಕಡೆ ಅತ್ಯುತ್ತಮ ನೊರೆಯೂ ವ್ಯರ್ಥ.

ಲೇಸರಿನ ಮುಂದೆ ನೊರೆಯ ಸ್ಥಾನ

ನೊರೆಯನ್ನು ನೊರೆಯೊಡನೆ ಹೋಲಿಸುವುದಕ್ಕಿಂತ ಮುಖ್ಯವಾದ ಹೋಲಿಕೆ ಇನ್ನೊಂದಿದೆ. ಬ್ರಿಟನ್ನಿನಲ್ಲಿ 798 ರೋಗಿಗಳನ್ನು ಸೇರಿಸಿಕೊಂಡು ನೊರೆ, ಲೇಸರ್, ಶಸ್ತ್ರಚಿಕಿತ್ಸೆ ಈ ಮೂರನ್ನೂ ಹೋಲಿಸಿದ ‘ಕ್ಲಾಸ್’ ಎಂಬ ಅಧ್ಯಯನದ ಮೊದಲ ಫಲಿತಾಂಶ 2014ರಲ್ಲಿಯೂ ಐದು ವರ್ಷಗಳ ನಂತರದ ಫಲಿತಾಂಶ 2019ರಲ್ಲಿಯೂ ಪ್ರಕಟವಾದವು. ಐದು ವರ್ಷಗಳ ಬಳಿಕ, ಉಬ್ಬುನಾಳಗಳಿಂದ ಜೀವನದ ಮೇಲಾಗುವ ತೊಂದರೆಯನ್ನು ಅಳೆದಾಗ, ಲೇಸರ್ ಮತ್ತು ಶಸ್ತ್ರಚಿಕಿತ್ಸೆ ಪಡೆದವರ ಸ್ಥಿತಿ ನೊರೆ ಪಡೆದವರಿಗಿಂತ ಉತ್ತಮವಾಗಿತ್ತು. ಮುಚ್ಚಿದ ಕಾಂಡ ಮತ್ತೆ ತೆರೆದುಕೊಳ್ಳುವುದು ನೊರೆಯ ಚಿಕಿತ್ಸೆಯಲ್ಲಿ ಹೆಚ್ಚು. ನಾಳ ಅಗಲವಾದಷ್ಟೂ ಈ ಸಂಭವ ಏರುತ್ತದೆ.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ‘ನೈಸ್’ 2013ರಲ್ಲಿ ಹೇಳಿದ ಕ್ರಮವೂ ಇದಕ್ಕೆ ಹೊಂದುತ್ತದೆ: ಕಾಂಡದಲ್ಲಿ ಹಿಮ್ಮುಖ ಹರಿವಿದ್ದರೆ ಮೊದಲು ಲೇಸರ್ ಅಥವಾ ರೇಡಿಯೊ ತರಂಗದ ಶಾಖಚಿಕಿತ್ಸೆ, ಅದು ಹೊಂದದಿದ್ದರೆ ಅಲ್ಟ್ರಾಸೌಂಡ್ ನೆರವಿನ ನೊರೆ, ಅದೂ ಹೊಂದದಿದ್ದರೆ ಶಸ್ತ್ರಚಿಕಿತ್ಸೆ. ಶಾಖಚಿಕಿತ್ಸೆಗೂ ದೊಡ್ಡ ಗಾಯ ಬೇಡ. ಅದನ್ನು ಸ್ಥಳೀಯ ಅರಿವಳಿಕೆಯಲ್ಲಿ, ಸೂಜಿಯ ರಂಧ್ರದ ಮೂಲಕವೇ ಮಾಡಬಹುದು. ರೋಗಿ ಅಂದೇ ನಡೆದು ಮನೆಗೆ ಹೋಗಬಹುದು. ‘ಕತ್ತರಿಯಿಲ್ಲದ ಚಿಕಿತ್ಸೆಯೆಂದರೆ ನೊರೆ ಮಾತ್ರ’ ಎಂಬ ಭಾವನೆ ಹಾಗಾಗಿ ಸರಿಯಲ್ಲ.

ನಲವತ್ತರ ಪ್ರಾಯದ, ದಿನವೂ ನಿಂತು ದುಡಿಯಬೇಕಾದ, ಕಾಂಡ ಅಗಲವಾಗಿ ಹಿಗ್ಗಿರುವ ವ್ಯಕ್ತಿಗೆ ‘ಇದು ಅಗ್ಗ’ ಎಂಬ ಒಂದೇ ಕಾರಣದಿಂದ ನೊರೆಯನ್ನು ಸೂಚಿಸುವುದು ನ್ಯಾಯವಲ್ಲ. ನೊರೆಯನ್ನು ಬೇಕೆಂದಾಗ ಮತ್ತೆ ಚುಚ್ಚಬಹುದು ಎಂಬ ವಾದವಿದೆ, ಅದು ಸತ್ಯವೇ. ಆದರೆ ಪ್ರತಿ ಭೇಟಿಗೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜೊತೆಗೆ ಬರುವವರ ಇನ್ನೊಂದು ದಿನದ ಕೂಲಿ, ಮತ್ತೊಂದು ಸ್ಕ್ಯಾನು ಸೇರುತ್ತವೆ. ಒಂದು ಬಾರಿಯ ದರದಲ್ಲಿ ಅಗ್ಗವಾಗಿ ಕಂಡದ್ದು ಐದು ವರ್ಷಗಳ ಲೆಕ್ಕದಲ್ಲಿ ಅಗ್ಗವೆಂದು ಹೇಳಲಾಗದು. ಈ ಲೆಕ್ಕವನ್ನು ರೋಗಿಯ ಮುಂದೆ ಮೊದಲೇ ಬಿಚ್ಚಿಡುವುದು ವೈದ್ಯರ ಧರ್ಮ.

ನೊರೆ ಯಾರಿಗೆ ವರದಾನ?

ಹಾಗೆಂದು ನೊರೆಯನ್ನು ತಳ್ಳಿಹಾಕಿದರೆ ಅದು ಇನ್ನೂ ದೊಡ್ಡ ಅನ್ಯಾಯ. ನಾಳ ಅತಿಯಾಗಿ ಸುರುಳಿಗೊಂಡು ಲೇಸರಿನ ತಂತಿ ತೂರದ ಕಡೆ ನೊರೆ ಹರಿಯುತ್ತದೆ. ಹಿಂದೆ ಶಸ್ತ್ರಚಿಕಿತ್ಸೆಯಾಗಿ ಮತ್ತೆ ಮರುಕಳಿಸಿದ ನಾಳಗಳಿಗೆ, ಹುಣ್ಣಿನ ಅಡಿಯಲ್ಲಿರುವ ನಾಳಗಳ ಬಲೆಗೆ, ವಯಸ್ಸಾಗಿ ಹೃದಯ-ಶ್ವಾಸಕೋಶಗಳ ದುರ್ಬಲತೆಯಿಂದ ಪೂರ್ಣ ಅರಿವಳಿಕೆಯನ್ನು ತಾಳಲಾರದ ಹಿರಿಯರಿಗೆ ನೊರೆಯೇ ಹಲವು ಬಾರಿ ಅತ್ಯುತ್ತಮ ದಾರಿ. ಚಿಕಿತ್ಸೆಯ ಅವಧಿ ಅಲ್ಪ; ಮುಗಿದೊಡನೆ ರೋಗಿ ಎದ್ದು ನಡೆಯಬೇಕು ಎಂಬುದೇ ಅದರ ನಿಯಮ.

ಹುಣ್ಣಿನ ವಿಷಯವನ್ನು ಒತ್ತಿ ಹೇಳಬೇಕು. ಉಬ್ಬುನಾಳದಿಂದಾದ ಕಾಲಹುಣ್ಣು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಡುತ್ತದೆ. ವಾಸನೆಯಿಂದಾಗಿ ಜನರ ನಡುವೆ ಕೂರಲು ಸಂಕೋಚಪಟ್ಟು, ಮಠದ ಪ್ರಸಾದದ ಪಂಕ್ತಿಗೂ ಬಾರದೆ ದೂರ ಉಳಿಯುವ ಹಿರಿಯರಿದ್ದಾರೆ. ಇವರಿಗೆ ದೊರೆಯುವುದು ಹೆಚ್ಚಾಗಿ ಮುಲಾಮು ಮತ್ತು ಬಟ್ಟೆಯ ಪಟ್ಟಿ ಮಾತ್ರ. ಹುಣ್ಣಿನ ಮೂಲವಾದ ಹಿಮ್ಮುಖ ಹರಿವನ್ನು ಯಾರೂ ಪರೀಕ್ಷಿಸಿರುವುದಿಲ್ಲ. 2018ರಲ್ಲಿ ಪ್ರಕಟವಾದ ‘ಎವ್ರಾ’ ಎಂಬ ಬ್ರಿಟಿಷ್ ಅಧ್ಯಯನದಲ್ಲಿ 450 ರೋಗಿಗಳಿದ್ದರು. ಎಲ್ಲರಿಗೂ ಒತ್ತಡದ ಪಟ್ಟಿ ಕಟ್ಟಲಾಗಿತ್ತು. ಕೆಟ್ಟ ನಾಳವನ್ನು ಎರಡು ವಾರಗಳೊಳಗೆ ಮುಚ್ಚಿದ ಗುಂಪಿನಲ್ಲಿ ಹುಣ್ಣು ಮಾಯಲು ಬೇಕಾದ ಮಧ್ಯಮ ಅವಧಿ 56 ದಿನ. ನಾಳದ ಚಿಕಿತ್ಸೆಯನ್ನು ಮುಂದೂಡಿದ ಗುಂಪಿನಲ್ಲಿ 82 ದಿನ. ನಾಳ ಮುಚ್ಚಲು ಅಲ್ಲಿ ಬಳಸಿದ ವಿಧಾನಗಳಲ್ಲಿ ನೊರೆಯೂ ಒಂದು. ಲೇಸರ್ ಯಂತ್ರವಿಲ್ಲದ ಊರಿನಲ್ಲಿಯೂ ಡಾಪ್ಲರ್ ಯಂತ್ರ, ಎರಡು ಸಿರಿಂಜು ಮತ್ತು ತರಬೇತಿ ಪಡೆದ ವೈದ್ಯರಿದ್ದರೆ ಈ ಹಿರಿಯರ ಬದುಕು ಬದಲಾಗಬಲ್ಲದು.

ಮುಚ್ಚಿಡಬಾರದ ತೊಂದರೆಗಳು

ಚುಚ್ಚಿದ ನಾಳ ಕೆಲವು ವಾರಗಳ ಕಾಲ ಹಗ್ಗದಂತೆ ಗಟ್ಟಿಯಾಗಿ, ಮುಟ್ಟಿದರೆ ನೋಯುವುದು ಸಾಮಾನ್ಯ. ಅದರ ಮೇಲಿನ ಚರ್ಮ ಕಂದುಬಣ್ಣಕ್ಕೆ ತಿರುಗಬಹುದು. ಆ ಕಲೆ ಮಾಸಲು ಹಲವು ತಿಂಗಳು ಬೇಕು, ಕೆಲವರಲ್ಲಿ ಉಳಿದುಬಿಡುವುದೂ ಉಂಟು. ಅಪರೂಪಕ್ಕೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕೆಲವರಿಗೆ ಚಿಕಿತ್ಸೆಯ ಹೊತ್ತಿಗೆ ಕೆಮ್ಮು, ಎದೆಬಿಗಿತ, ಕಣ್ಣು ಮಂಜಾಗುವುದು ಅಥವಾ ಅರೆತಲೆನೋವು ಕಾಣಿಸಿ, ಸಾಮಾನ್ಯವಾಗಿ ತಾನಾಗಿಯೇ ಶಮನವಾಗುತ್ತದೆ. ಪಾರ್ಶ್ವವಾಯು ಅತ್ಯಂತ ವಿರಳವಾದರೂ ವರದಿಯಾಗಿದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ, ಹುಟ್ಟಿದ ಮೇಲೆ ಮುಚ್ಚಬೇಕಾದ ಪುಟ್ಟ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಗುಳ್ಳೆಗಳು ಆ ದಾರಿಯಾಗಿ ಮಿದುಳಿನ ಕಡೆಗೆ ಸಾಗಬಹುದು. ಒಂದು ಬಾರಿಗೆ ಚುಚ್ಚುವ ನೊರೆ 10 ಮಿಲಿಲೀಟರನ್ನು ಮೀರಬಾರದೆಂದು ಯುರೋಪಿನ ತಜ್ಞರು ಸೂಚಿಸಿರುವುದು ಇಂಥ ಎಚ್ಚರಿಕೆಯಿಂದಲೇ. ಎರಡೂ ಕಾಲುಗಳನ್ನು ಒಂದೇ ದಿನದಲ್ಲಿ ಪೂರ್ತಿ ಮುಗಿಸಿಕೊಡುವ ಆತುರವನ್ನು ಆದ್ದರಿಂದ ಅನುಮಾನದಿಂದಲೇ ನೋಡಬೇಕು.

ಗರ್ಭಿಣಿಯರು, ಹಾಸಿಗೆ ಹಿಡಿದವರು, ಇತ್ತೀಚೆಗೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ರಕ್ತ ಹೆಪ್ಪುಗಟ್ಟಿದವರು, ಔಷಧದ ಅಲರ್ಜಿಯುಳ್ಳವರು ಈ ಚಿಕಿತ್ಸೆಗೆ ತಕ್ಕವರಲ್ಲ. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಅರೆತಲೆನೋವಿದ್ದರೆ, ಹೃದಯದಲ್ಲಿ ರಂಧ್ರವಿದೆಯೆಂದು ಯಾರಾದರೂ ಹೇಳಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಚಿಕಿತ್ಸೆಯ ನಂತರ ಹಾಕಿಕೊಳ್ಳುವ ಒತ್ತಡದ ಕಾಲುಚೀಲವನ್ನೂ ಸಕ್ಕರೆ ಕಾಯಿಲೆಯುಳ್ಳವರು ಮತ್ತು ಧೂಮಪಾನಿಗಳು ಕಾಲಿನ ಅಪಧಮನಿಗಳ ರಕ್ತಸಂಚಾರವನ್ನು ಪರೀಕ್ಷಿಸಿಕೊಂಡ ಮೇಲೆಯೇ ಧರಿಸಬೇಕು. ಚಿಕಿತ್ಸೆಯ ಬಳಿಕ ಒಂದೇ ಕಾಲು ಹಠಾತ್ತನೆ ಬಾತು ನೋಯತೊಡಗಿದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಕೇಳಬೇಕಾದ ಪ್ರಶ್ನೆಗಳು

ವೈದ್ಯರನ್ನು ಪ್ರಶ್ನಿಸುವುದು ಅಗೌರವವೆಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಅನುಭವ ಮಂಟಪದಲ್ಲಿ ಪ್ರಶ್ನೆಯನ್ನೇ ಅರಿವಿನ ದಾರಿಯಾಗಿಸಿದ ಶರಣರ ವಾರಸುದಾರರಿಗೆ ಈ ಅಳುಕು ಒಪ್ಪುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವಿನಯದಿಂದ ಐದು ಪ್ರಶ್ನೆ ಕೇಳಿರಿ. ನನ್ನ ಕಾಲಿನ ಡಾಪ್ಲರ್ ವರದಿಯಲ್ಲಿ ಕಾಂಡ ಕೆಟ್ಟಿದೆಯೇ, ಕವಲು ಮಾತ್ರವೇ? ನನಗೆ ಲೇಸರ್ ಏಕೆ ಬೇಡ, ನೊರೆ ಏಕೆ ಬೇಕು? ಚುಚ್ಚುವಾಗ ಅಲ್ಟ್ರಾಸೌಂಡ್ ಬಳಸುವಿರಾ? ಎಷ್ಟು ಬಾರಿ ಬರಬೇಕಾಗಬಹುದು, ಒಟ್ಟು ಖರ್ಚೆಷ್ಟು? ನಾಳ ಮುಚ್ಚಿತೆಂಬುದನ್ನು ಯಾವಾಗ ಮತ್ತೆ ಸ್ಕ್ಯಾನ್ ಮಾಡಿ ನೋಡುವಿರಿ? ನೇರ ಉತ್ತರ ಕೊಡುವ ವೈದ್ಯರನ್ನು ನಂಬಿರಿ. ಪ್ರಶ್ನೆಗೆ ಸಿಡುಕಿ, ದರದ ರಿಯಾಯಿತಿಯ ಮಾತನ್ನೇ ಮುಂದೆ ಮಾಡುವ ಕಡೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ವ್ಯಾಪ್ತಿಗೆ ಬರುವ ಕುಟುಂಬಗಳು ತಮಗೆ ಸೂಚಿಸಿದ ಚಿಕಿತ್ಸೆಗೆ ನೆರವುಂಟೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸುವುದು ಒಳಿತು.

ಸಂಸ್ಥೆಗಳ ಹೊಣೆಯೂ ಇಲ್ಲಿದೆ. ಅನ್ನ, ಅಕ್ಷರಗಳ ದಾಸೋಹದೊಡನೆ ಆರೋಗ್ಯ ದಾಸೋಹವನ್ನೂ ನಡೆಸಿಕೊಂಡು ಬಂದ ಮಠಗಳ ನಾಡು ಇದು. ಜಾತ್ರೆಯ ದಿನಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕಣ್ಣುಗಳ ತಪಾಸಣೆ ನಡೆಯುತ್ತದೆ. ಕಾಲನ್ನು ನೋಡುವವರು ವಿರಳ. ಶಿಬಿರದಲ್ಲಿ ಒಂದು ಮೇಜನ್ನು ಕಾಲಿನ ತಪಾಸಣೆಗೆ ಮೀಸಲಿಟ್ಟು, ಹುಣ್ಣು ಇರುವವರನ್ನೂ ಚರ್ಮ ಕಪ್ಪಾದವರನ್ನೂ ಗುರುತಿಸಿ ಡಾಪ್ಲರ್ ಪರೀಕ್ಷೆಗೆ ಕಳುಹಿಸುವ ಏರ್ಪಾಡಾಗಬೇಕು. ಮಠಗಳ ಆಶ್ರಯದಲ್ಲಿರುವ ಆಸ್ಪತ್ರೆಗಳೂ ಜಿಲ್ಲಾ ಆಸ್ಪತ್ರೆಗಳೂ ವಾರದಲ್ಲಿ ಒಂದು ದಿನವನ್ನಾದರೂ ಅಲ್ಟ್ರಾಸೌಂಡ್ ನೆರವಿನ ನೊರೆಯ ಚಿಕಿತ್ಸೆಗೆ ಮೀಸಲಿಡಬೇಕು. ಲೇಸರ್ ಬೇಕಾದವರಿಗೆ ಲೇಸರ್ ದೊರೆಯುವ ಕಡೆಗೆ ದಾರಿ ತೋರಬೇಕು. ನೊರೆಯ ಸರಳತೆ ಬಡವರಿಗೆ ಸಲ್ಲಬೇಕಾದ ಉಪಕಾರ. ಅದು ಜಾಹೀರಾತಿನ ಸರಕಾಗಿ ಉಳ್ಳವರ ಬೀದಿಗಳಲ್ಲೇ ಉಳಿಯಬಾರದು.

ಚಿಕಿತ್ಸೆ ಯಾವುದೇ ಇರಲಿ, ಹೊಸ ನಾಳಗಳು ಕೆಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೂ ಇದೆ. ನಿಂತು ದುಡಿಯುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸಲಿ, ನಾಲ್ಕು ಹೆಜ್ಜೆ ನಡೆಯಲಿ. ರಾತ್ರಿ ಕಾಲಡಿಗೆ ದಿಂಬಿಟ್ಟು ಮಲಗಲಿ. ತೂಕ ಏರದಂತೆ ಎಚ್ಚರ ವಹಿಸಲಿ. ದೇಹವನ್ನು ದೇಗುಲವಾಗಿ ಕಂಡ ಪರಂಪರೆಯವರು ನಾವು. ಆ ದೇಗುಲವನ್ನು ಹೊತ್ತು ನಿಂತ ಕಾಲುಗಳನ್ನು ಹುಣ್ಣಾಗುವವರೆಗೆ ಮರೆಯುವುದು ಬೇಡ. ನಿಮ್ಮ ಮನೆಯ ಹಿರಿಯರು ಪಂಚೆಯ ಅಂಚಿನಲ್ಲೋ ಸೀರೆಯ ನೆರಿಗೆಯಲ್ಲೋ ಕಾಲನ್ನು ಮರೆಮಾಚುತ್ತಿದ್ದರೆ, ಈ ವಾರವೇ ಅವರನ್ನು ಡಾಪ್ಲರ್ ಪರೀಕ್ಷೆಗೆ ಕರೆದೊಯ್ಯಿರಿ. ನೊರೆಯೋ ಲೇಸರೋ ಎಂಬ ನಿರ್ಧಾರ ಆ ಬಳಿಕದ ಮಾತು.